ಮಣ್ಣಿನ ಗೋಡೆ ಉಳಿದೀತು, ಮಾಡು ಉಳಿಯುವುದೇ?

ಪ್ರಶ್ನೆ: ಕಾಡಿಗೆ ಹೊಂದಿಕೊಂಡ ಇಳಿಜಾರಿನಲ್ಲಿ ಎರಡು ಎಕರೆ ಜಾಗ ಕೊಂಡಿದ್ದೇನೆ. ಒಣಗಾಲದಲ್ಲಿ ಆ ಭಾಗಕ್ಕೆ ಕಾಡ್ಗಿಚ್ಚು ಬರುವುದುಂಟು. ಮಣ್ಣು ಸುಡುವುದಿಲ್ಲವಾದ್ದರಿಂದ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಯ ಮನೆ ಕಟ್ಟಬೇಕೆಂದಿದ್ದೇನೆ. ಗುಡ್ಡದ ನೆತ್ತಿಯ ಅಂಚಿನಲ್ಲಿ ನೋಟ ಚೆನ್ನಾಗಿದೆ, ಅಲ್ಲೇ ಪಾಯ ಹಾಕುವ ಯೋಚನೆ. ಸುತ್ತಲಿನ ಮರಗಳನ್ನೆಲ್ಲ ತೆಗೆಸಿ ಒಂದು ಬೆಂಕಿರೇಖೆ ಹೊಡೆಸಿದರೆ ಸಾಕೇ? ಬೆಂಕಿ, ಭೂಕಂಪ, ಬಿರುಗಾಳಿ ಮೂರಕ್ಕೂ ಜಗ್ಗದ ಕಟ್ಟಡ ವಿಧಾನ ಯಾವುದಾದರೂ ಇದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಗೋಡೆಯ ದಪ್ಪ ಇದೆ, ಕಡಿಸಬೇಕಾದ ಮರಗಳ ಮಾತಿದೆ, ಕಿಟಕಿಯಿಂದ ಕಾಣಲಿರುವ ನೋಟವೂ ಇದೆ. ಮಾಡಿಗೆ ಏನು ಹೊದಿಸುತ್ತೀರಿ, ಸೂರಿನ ಕೆಳಗೆ ಏನಿರುತ್ತದೆ, ಗಾಳಿಗಂಡಿಗೆ ಎಂಥ ಜಾಲರಿ ಎಂಬುದರ ಬಗ್ಗೆ ಒಂದು ಸಾಲೂ ಇಲ್ಲ. ಕಾಡ್ಗಿಚ್ಚಿಗೆ ಮನೆಗಳು ಬಲಿಯಾಗುವುದು ಬಹುಮಟ್ಟಿಗೆ ನೀವು ಬರೆಯದೆ ಬಿಟ್ಟ ಈ ಜಾಗಗಳಿಂದಲೇ. ಹಾಗಾಗಿ ನಿಮ್ಮ ಪ್ರಶ್ನೆಗಳ ಕ್ರಮವನ್ನು ತಿರುವುಮುರುವು ಮಾಡುತ್ತೇನೆ. ಮೊದಲು ಮನೆ, ಆಮೇಲೆ ಮನೆಯ ಬುಡ, ಕೊನೆಗೆ ಕಾಡು.

ಕಾಡ್ಗಿಚ್ಚು ಎಂದೊಡನೆ ಮರದೆತ್ತರದ ಜ್ವಾಲೆ ಮುನ್ನುಗ್ಗಿ ಬಂದು ಮನೆಯನ್ನು ನುಂಗುವ ಚಿತ್ರ ಮನಸ್ಸಿಗೆ ಬರುತ್ತದೆ. ಅಂಥದ್ದು ನಡೆಯುವುದೇ ಇಲ್ಲ ಎಂದಲ್ಲ, ಆದರೆ ಮನೆಗಳು ಹೆಚ್ಚಾಗಿ ಹೊತ್ತಿಕೊಳ್ಳುವುದು ಹಾರುವ ಕೆಂಡಗಳಿಂದ. ತೊಗಟೆಯ ಚೂರು, ರೆಂಬೆಯ ತುಂಡು, ಪೈನ್ ಕಾಯಿಯ ಸಿಪ್ಪೆ ಇಂಥವು ಹೊತ್ತಿಕೊಂಡು ಬಿಸಿಗಾಳಿಯ ಜೊತೆ ಮೇಲೆದ್ದು, ಬೆಂಕಿಯ ಮುಂಚೂಣಿಗಿಂತ ಎಷ್ಟೋ ಮುಂದೆ ಬಂದು ಬೀಳುತ್ತವೆ. ಸಾಮಾನ್ಯವಾಗಿ ಕೆಲವು ನೂರು ಮೀಟರ್, ಗಾಳಿ ಜೋರಾಗಿದ್ದರೆ ಒಂದೆರಡು ಕಿಲೋಮೀಟರ್. 2009ರ ಫೆಬ್ರುವರಿ 7ರಂದು ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಎದ್ದ ಬೆಂಕಿಯಲ್ಲಿ ನೀಲಗಿರಿ ಜಾತಿಯ ಮರಗಳ ಉದ್ದನೆಯ ತೊಗಟೆಗಳು ಹಾರಿ, ಮೂವತ್ತು ಕಿಲೋಮೀಟರಿನಷ್ಟು ದೂರದಲ್ಲಿ ಹೊಸ ಬೆಂಕಿ ಹಚ್ಚಿದ್ದವು. ಆ ದಿನ 173 ಜನ ಸತ್ತರು, ಎರಡು ಸಾವಿರಕ್ಕೂ ಹೆಚ್ಚು ಮನೆಗಳು ನಾಶವಾದವು.

ಹೀಗೆ ಬಂದು ಬೀಳುವ ಒಂದೊಂದು ಕೆಂಡವೂ ತೀರ ಸಣ್ಣದು, ಬೆರಳುಗುರಿನಷ್ಟು. ಗಾರೆಯ ಮೇಲೆ ಬಿದ್ದರೆ ಕಪ್ಪಾಗಿ ಆರಿಹೋಗುತ್ತದೆ. ಆದರೆ ಅವು ಬರುವುದು ಒಂದೆರಡಲ್ಲ, ಸಾವಿರ ಸಾವಿರ. ಗಾಳಿ ಒಣ ಎಲೆಗಳನ್ನು ಎಲ್ಲಿ ತಂದು ಗುಡ್ಡೆ ಹಾಕುತ್ತದೋ ಸರಿಯಾಗಿ ಅಲ್ಲೇ ಕೆಂಡಗಳನ್ನೂ ಗುಡ್ಡೆ ಹಾಕುತ್ತದೆ. ಗೋಡೆಯ ಮೂಲೆ, ಮೆಟ್ಟಿಲ ಸಂದು, ಮಾಡಿನ ಎರಡು ಇಳಿಜಾರುಗಳು ಕೂಡುವ ಕಣಿವೆ, ಮಳೆನೀರಿನ ದೋಣಿ. ನಿಮ್ಮ ಈಗಿನ ಮನೆಯ ಸುತ್ತ ಗಾಳಿ ಬೀಸಿದ ಮಾರನೆಯ ದಿನ ಒಂದು ಸುತ್ತು ಬನ್ನಿ. ತರಗೆಲೆ ಎಲ್ಲೆಲ್ಲಿ ಸೇರಿಕೊಂಡಿದೆಯೋ ಅಷ್ಟನ್ನೂ ಗುರುತು ಮಾಡಿಕೊಂಡರೆ, ಬೆಂಕಿ ಒಳನುಗ್ಗುವ ಬಾಗಿಲುಗಳ ನಕ್ಷೆ ಪುಕ್ಕಟೆಯಾಗಿ ಸಿಕ್ಕಂತೆ.

ಜ್ವಾಲೆಯ ಶಾಖದ ಬಗ್ಗೆಯೂ ಅಳತೆ ಮಾಡಿದವರಿದ್ದಾರೆ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಸಂಶೋಧಕ ಜ್ಯಾಕ್ ಕೋಹೆನ್, ಕೆನಡಾದ ವಾಯವ್ಯ ಪ್ರಾಂತ್ಯಗಳಲ್ಲಿ 1990ರ ದಶಕದ ಕೊನೆಯ ಭಾಗದಲ್ಲಿ ನಡೆದ ಪ್ರಯೋಗಗಳಲ್ಲಿ ನಿಜವಾದ ಕಾಡಿಗೆ ಬೆಂಕಿ ಹಚ್ಚಿಸಿ, ಅದರೆದುರು ಮರದ ಗೋಡೆಗಳನ್ನು 10, 20, 30 ಮೀಟರ್ ದೂರಗಳಲ್ಲಿ ನಿಲ್ಲಿಸಿದರು. ಮರಗಳ ನೆತ್ತಿಯವರೆಗೂ ಉರಿದ ಆ ಬೆಂಕಿಗಳಲ್ಲಿ 10 ಮೀಟರ್ ದೂರದ ಗೋಡೆಗಳು ಕೆಲವು ಬಾರಿ ಹೊತ್ತಿಕೊಂಡವು. 20 ಮತ್ತು 30 ಮೀಟರ್‌ನಲ್ಲಿದ್ದವು ಒಮ್ಮೆಯೂ ಹೊತ್ತಿಕೊಳ್ಳಲಿಲ್ಲ. ಗಮನಿಸಿ, ಅವು ಮರದ ಗೋಡೆಗಳು. ಕಾರಣ ಸರಳ. ಒಂದೇ ಜಾಗದಲ್ಲಿ ಕಾಡಿನ ದೊಡ್ಡ ಜ್ವಾಲೆ ನಿಲ್ಲುವುದು ಸುಮಾರು ಒಂದು ನಿಮಿಷ. ಅಷ್ಟು ಹೊತ್ತಿನಲ್ಲಿ ಅಷ್ಟು ದೂರದ ಮರದ ಹಲಗೆ ಹೊತ್ತಿಕೊಳ್ಳುವಷ್ಟು ಕಾಯುವುದಿಲ್ಲ. ಪಕ್ಕದ ಮನೆಯೊಂದು ಹೊತ್ತಿಕೊಂಡಿತೆಂದರೆ ಲೆಕ್ಕ ಬೇರೆ, ಅದು ಗಂಟೆಗಟ್ಟಲೆ ಉರಿಯುತ್ತದೆ.

ಈ ಒಂದು ಫಲಿತಾಂಶ ನಿಮ್ಮ ಯೋಜನೆಯ ಅರ್ಧಭಾಗವನ್ನು ಬದಲಿಸಬೇಕು. ಎರಡು ಎಕರೆಯನ್ನು ಬೋಳಿಸಬೇಕಾಗಿಲ್ಲ. ಮನೆ, ಮತ್ತು ಅದರ ಸುತ್ತಲಿನ ಮೂವತ್ತು ಮೀಟರ್. ಇಳಿಜಾರಿದ್ದರೆ ಕೆಳಗಿನ ಬದಿಗೆ ಇನ್ನಷ್ಟು. ಕೆಲಸವೆಲ್ಲ ಇಷ್ಟರೊಳಗೇ ಇದೆ, ಅದರಲ್ಲೂ ಗೋಡೆಗೆ ತಾಗಿದ ಮೊದಲ ಒಂದೂವರೆ ಮೀಟರ್‌ನಲ್ಲಿ.

ಈಗ ಮಾಡು. ನಿಮ್ಮ ಮಣ್ಣಿನ ಗೋಡೆ ಸುಡುವುದಿಲ್ಲ, ಒಪ್ಪಿದೆ. ಆದರೆ ಕೆಂಡಗಳು ಆಕಾಶದಿಂದ ಬರುತ್ತವೆ, ಮನೆಯಲ್ಲಿ ಆಕಾಶಕ್ಕೆ ಅಂಗಾತ ಬಿದ್ದಿರುವುದು ಮಾಡು. ಹುಲ್ಲು, ಗರಿ, ಮರದ ಹಲಗೆಯ ಹೊದಿಕೆ ಬೇಡವೇ ಬೇಡ. ಇದರಲ್ಲಿ ನಡುದಾರಿ ಇಲ್ಲ. ಹೆಂಚು, ಲೋಹದ ಶೀಟು, ಕಾಂಕ್ರೀಟ್ ಚಾವಣಿ ಮೂರೂ ಸರಿ. ಆದರೆ ಹೆಂಚು ಅಥವಾ ಶೀಟು ಹಾಕಿದಾಕ್ಷಣ ಕೆಲಸ ಮುಗಿಯುವುದಿಲ್ಲ. ಅರ್ಧ ಕೊಳವೆಯಾಕಾರದ ಹೆಂಚಿನ ಸಾಲು ಸೂರಿನಲ್ಲಿ ಬಾಯಿ ತೆರೆದುಕೊಂಡಿರುತ್ತದೆ. ಹಕ್ಕಿಗಳು ಆ ಬಾಯೊಳಗೆ ಒಣಹುಲ್ಲು ತುರುಕಿ ಗೂಡು ಕಟ್ಟುತ್ತವೆ, ಇಲಿಗಳೂ ತಮ್ಮ ಪಾಲು ಸೇರಿಸುತ್ತವೆ. ಹೆಂಚು ಬೆಂಕಿಗೆ ಜಗ್ಗದಿದ್ದರೂ ಅದರ ಕೆಳಗಿನ ಹುಲ್ಲು, ಹುಲ್ಲಿಗೆ ತಾಗಿದ ರೀಪು, ರೀಪಿಗೆ ತಾಗಿದ ಪಕಾಸಿ ಹೀಗೆ ಒಳಗಿನಿಂದಲೇ ಮಾಡು ಹೋಗುತ್ತದೆ. ಸುಕ್ಕುಶೀಟಿನ ಅಲೆಗಳ ಕೆಳಗೂ ಇದೇ ಕತೆ. ಸೂರಿನ ತುದಿಯಲ್ಲೂ ನೆತ್ತಿಯಲ್ಲೂ ಈ ಸಂದುಗಳನ್ನು ಗಾರೆಯಿಂದಲೋ ಲೋಹದ ಪಟ್ಟಿಯಿಂದಲೋ ಖನಿಜ ಉಣ್ಣೆ (ಕಲ್ಲು ಕರಗಿಸಿ ಎಳೆದ, ಸುಡದ ನಾರು) ತುರುಕಿಯೋ ಮುಚ್ಚಿಸಿ. ಗುತ್ತಿಗೆದಾರರು ಇದನ್ನು ಚಿಲ್ಲರೆ ಕೆಲಸವೆಂದು ಬಿಟ್ಟುಬಿಡುವುದು ಹೆಚ್ಚು. ಪಕ್ಕದಲ್ಲಿ ನಿಂತು ಮಾಡಿಸಿ.

ಮಾಡಿನ ಆಕಾರವೂ ಮುಖ್ಯ. ನಾಲ್ಕಾರು ಕಡೆ ಮುರಿದು, ಕಿಟಕಿಗೊಂದು ಪುಟ್ಟ ಮಾಡು, ಮೂಲೆಗೊಂದು ಗೋಪುರ ಎಂದು ಮಾಡಿದರೆ ನೋಡಲು ಚೆಂದ, ಆದರೆ ಪ್ರತಿ ಮುರಿತವೂ ತರಗೆಲೆ ನಿಲ್ಲುವ ಒಂದು ಕಣಿವೆ. ಸರಳವಾದ ಎರಡು ಇಳಿಜಾರಿನ ಮಾಡಿನಷ್ಟು ಕ್ಷೇಮ ಇನ್ನೊಂದಿಲ್ಲ. ಮಳೆನೀರಿನ ದೋಣಿ ಪ್ಲಾಸ್ಟಿಕ್ಕಿನದಾದರೆ ಅದರೊಳಗಿನ ಎಲೆ ಹೊತ್ತಿಕೊಂಡಾಗ ಕರಗಿ, ಉರಿಯುತ್ತಲೇ ಗೋಡೆಯ ಬುಡಕ್ಕೆ ಬೀಳುತ್ತದೆ. ಲೋಹದ್ದಾದರೆ ಬೀಳುವುದಿಲ್ಲ, ಆದರೆ ಅಲ್ಲೇ ನಿಂತು ಮಾಡಿನ ಅಂಚಿನ ಹಲಗೆಯನ್ನು ಕಾಯಿಸುತ್ತದೆ. ಹಾಗಾಗಿ ದೋಣಿ ಯಾವುದೇ ಆಗಿರಲಿ, ಅಂಚಿನ ಹಲಗೆಗೆ ಲೋಹದ ಹೊದಿಕೆ ಇರಲಿ, ದೋಣಿ ಖಾಲಿ ಇರಲಿ.

ಗಾಳಿಗಂಡಿಗಳ ವಿಷಯಕ್ಕೆ ಬರೋಣ, ಮನೆಗಳು ಒಳಗಿನಿಂದ ಉರಿಯತೊಡಗುವುದು ಬಹಳ ಸಲ ಇಲ್ಲಿಂದ. ಮಾಡಿನ ಕೆಳಗಿನ ಅಟ್ಟಕ್ಕೆ ಗಾಳಿ ಬೇಕು, ಇಲ್ಲದಿದ್ದರೆ ಮರ ಬೂಸ್ಟು ಹಿಡಿಯುತ್ತದೆ. ಗಾಳಿ ಹೋಗುವ ಕಂಡಿಯಲ್ಲಿ ಕೆಂಡವೂ ಹೋಗುತ್ತದೆ. ಸೊಳ್ಳೆಪರದೆಯ ಪ್ಲಾಸ್ಟಿಕ್ ಜಾಲರಿ ಕ್ಷಣದಲ್ಲಿ ಕರಗುತ್ತದೆ. ಕಾಲಿಂಚಿನ, ಅಂದರೆ ಆರು ಮಿಲಿಮೀಟರಿನ ಕಣ್ಣಿನ ಲೋಹದ ಜಾಲರಿ ಹಕ್ಕಿಗೆ ಮಾತ್ರ ತಡೆ. ಮೂರು ಮಿಲಿಮೀಟರ್ ಕಣ್ಣಿನದು ಪರವಾಗಿಲ್ಲ, ಆದರೂ ಸಣ್ಣ ಕಿಡಿಗಳು ನುಸುಳುತ್ತವೆ. ಆಸ್ಟ್ರೇಲಿಯಾದ ಕಟ್ಟಡ ಮಾನದಂಡ ಎರಡು ಮಿಲಿಮೀಟರನ್ನು ಮಿತಿಯಾಗಿ ಇಟ್ಟಿದೆ. ಒಂದೂವರೆ ಮಿಲಿಮೀಟರಿನದು ಸಿಕ್ಕರೆ ಇನ್ನೂ ಒಳ್ಳೆಯದು, ಆದರೆ ಅದಕ್ಕೊಂದು ದಂಡವಿದೆ: ಧೂಳಿನಿಂದ ಬೇಗ ಕಟ್ಟಿಕೊಳ್ಳುತ್ತದೆ, ಬಣ್ಣ ಬಳಿಯುವವರು ಅದರ ಮೇಲೂ ಕುಂಚ ಎಳೆದು ಕಣ್ಣು ಮುಚ್ಚಿಬಿಡುತ್ತಾರೆ. ಕೈಗೆಟುಕುವ ಹಾಗೆ ಇಡಿಸಿ, ವರ್ಷಕ್ಕೊಮ್ಮೆ ಉಜ್ಜಿ. ಜಾಲರಿ ತುಕ್ಕುಹಿಡಿಯದ ಉಕ್ಕಿನದೋ ಕಂಚಿನದೋ ಆಗಿರಲಿ.

ಕಿಟಕಿಯಲ್ಲಿ ದುರ್ಬಲ ಭಾಗ ಗಾಜು. ಅದು ಒಡೆಯುವ ಬಗೆ ತಿಳಿದಿದ್ದರೆ ಆಯ್ಕೆ ಸುಲಭ. ಹೊರಗಿನ ಶಾಖ ಗಾಜಿನ ನಡುಭಾಗವನ್ನು ಕಾಯಿಸುತ್ತದೆ, ಚೌಕಟ್ಟಿನೊಳಗೆ ಹುದುಗಿರುವ ಅಂಚು ತಣ್ಣಗೇ ಇರುತ್ತದೆ. ನಡುಭಾಗ ಹಿಗ್ಗಲು ಹೋಗುತ್ತದೆ, ಅಂಚು ಬಿಡುವುದಿಲ್ಲ. ಅಂಚಿನಿಂದ ಬಿರುಕು ಹೊರಟು ಗಾಜು ಉದುರುತ್ತದೆ. ಗಾಜು ಹೋದರೆ ಪರದೆ, ಹಾಸಿಗೆ, ಸೋಫಾ ಎಲ್ಲವೂ ಕೆಂಡಕ್ಕೆ ತೆರೆದುಕೊಂಡವು. ಎರಡು ಪದರದ, ಕನಿಷ್ಠ ಹೊರಗಿನದಾದರೂ ಟಫನ್ಡ್ (ಕಾಯಿಸಿ ಗಟ್ಟಿಗೊಳಿಸಿದ) ಗಾಜಾದ ಕಿಟಕಿ ಹಾಕಿಸಿ. ದೊಡ್ಡ ಗಾಜಿನ ಗೋಡೆಯ ಆಸೆ ಇದ್ದರೆ ಅದನ್ನು ಕಾಡಿನ ಬದಿಗಲ್ಲ, ಮೇಲಿನ ಬದಿಗೆ ಇಟ್ಟುಕೊಳ್ಳಿ. ನೋಟ ಇರುವುದು ಕೆಳಗಿನ ಬದಿಗೆ ಎಂದು ನೀವು ಹೇಳುತ್ತೀರಿ, ಗೊತ್ತು. ಹಾಗಿದ್ದರೆ ಎಳೆದು ಮುಚ್ಚಬಹುದಾದ ಲೋಹದ ಕದ ಹೊರಗಿನಿಂದ ಇರಲಿ. ಚೌಕಟ್ಟು ಪಿವಿಸಿ ಆಗದಿರಲಿ, ಶಾಖಕ್ಕೆ ಮೆತ್ತಗಾಗಿ ಗಾಜನ್ನೇ ಬಿಟ್ಟುಕೊಡುತ್ತದೆ.

ಗೋಡೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಣ್ಣು, ಇಟ್ಟಿಗೆ, ಕಲ್ಲು, ಕಾಂಕ್ರೀಟ್ ಬ್ಲಾಕ್ ಯಾವುದಾದರೂ ನಡೆಯುತ್ತದೆ. ಬೆಂಕಿಯ ಮಟ್ಟಿಗೆ ಒಂದೂವರೆ ಅಡಿ ದಪ್ಪ ಅಗತ್ಯಕ್ಕಿಂತ ಹೆಚ್ಚೇ. ಮನೆ ತಂಪಾಗಿರಲಿ ಎಂದಿದ್ದರೆ ಇಟ್ಟುಕೊಳ್ಳಿ.

ಇನ್ನು ಮನೆಯ ಬುಡ. 2023ರ ಆಗಸ್ಟ್ 8ರಂದು ಹವಾಯಿಯ ಮಾವಿ ದ್ವೀಪದ ಲಾಹೈನಾ ಪಟ್ಟಣ ಸುಟ್ಟುಹೋಯಿತು, ನೂರಕ್ಕೂ ಹೆಚ್ಚು ಜನ ಸತ್ತರು. ಸುತ್ತ ಇದ್ದದ್ದು ದಟ್ಟ ಕಾಡಲ್ಲ. ಕಬ್ಬಿನ ತೋಟಗಳು ಪಾಳುಬಿದ್ದ ನೆಲದಲ್ಲಿ ಹಬ್ಬಿದ್ದ ಹೊರನಾಡಿನ ಹುಲ್ಲು, ಮೇಲೆ ಬಿರುಗಾಳಿ. ಬೆಂಕಿಯ ನಂತರ ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಬೂದಿಯ ನಡುವೆ ಕೆಂಪು ಮಾಡಿನ ಬಿಳಿ ಮನೆಯೊಂದು ಹಾಗೇ ನಿಂತಿದ್ದು ಲೋಕದ ಪತ್ರಿಕೆಗಳಲ್ಲೆಲ್ಲ ಬಂತು. ನೂರು ವರ್ಷದ ಆಸುಪಾಸಿನ ಮರದ ಮನೆ ಅದು! ಮಾಲೀಕರು ಅದನ್ನು ಸರಿಮಾಡಿಸುವಾಗ ಹಳೆಯ ಡಾಂಬರು ಹೊದಿಕೆ ತೆಗೆದು ದಪ್ಪ ಲೋಹದ ಮಾಡು ಹಾಕಿಸಿದ್ದರು. ಗೋಡೆಗೆ ತಾಗಿದ್ದ ಗಿಡಗಳನ್ನು ಕಿತ್ತು, ಸೂರಿನ ನೀರು ಬೀಳುವಷ್ಟು ಅಗಲಕ್ಕೆ ಸುತ್ತಲೂ ನದಿಯ ಕಲ್ಲು ಹರವಿದ್ದರು. ಅದು ಬೆಂಕಿಗೆಂದು ಮಾಡಿದ್ದಲ್ಲ, ಗೆದ್ದಲಿಗೆಂದು ಮಾಡಿದ್ದು. ಅದೃಷ್ಟದ ಪಾಲೂ ಇದ್ದಿರಬಹುದು, ಒಂದು ಮನೆಯಿಂದ ಸಿದ್ಧಾಂತ ಕಟ್ಟಲಾಗದು. ಆದರೆ ಪ್ರಯೋಗಶಾಲೆಗಳಲ್ಲಿ ಗಾಳಿಯಂತ್ರ ಹಚ್ಚಿ ಕೆಂಡ ಸುರಿಸಿ ನೋಡಿದವರು ಹೇಳುವುದೂ ಇದನ್ನೇ: ಗೋಡೆಯಿಂದ ಒಂದೂವರೆ ಮೀಟರ್‌ವರೆಗೆ ಸುಡುವಂಥದ್ದು ಏನೂ ಇರಬಾರದು.

ಏನೂ ಎಂದರೆ ಏನೂ. ಅಲಂಕಾರದ ಪೊದೆ ಬೇಡ, ಗೋಡೆಗೆ ಹಬ್ಬಿಸಿದ ಬಳ್ಳಿ ಬೇಡ, ಗಿಡದ ಬುಡಕ್ಕೆ ಹಾಕುವ ಮರದ ಹೊಟ್ಟು ಬೇಡ, ತೆಂಗಿನ ನಾರಿನ ಕಾಲೊರಸು ಬೇಡ, ಪ್ಲಾಸ್ಟಿಕ್ ಕುರ್ಚಿ ಬೇಡ. ಜಲ್ಲಿ, ಕಲ್ಲುಹಾಸು, ಬರಿಯ ಮಣ್ಣು ಇರಲಿ. ಸೌದೆ ರಾಶಿ ಮನೆಗೆ ಒರಗಿರಬಾರದು, ಹತ್ತು ಮೀಟರ್ ಆಚೆ ಇರಲಿ. ಅದೂ ಮನೆಗಿಂತ ಕೆಳಗಿನ ಇಳಿಜಾರಿನಲ್ಲಿ ಅಲ್ಲ. ಬಾಗಿಲು, ಕಂಬಗಳ ತಳದಲ್ಲಿ ಕನಿಷ್ಠ 15 ಸೆಂಟಿಮೀಟರ್ ಎತ್ತರಕ್ಕೆ ಸುಡದ ವಸ್ತು ಇರಲಿ, ಏಕೆಂದರೆ ಕೆಂಡದ ರಾಶಿ ಕೂರುವುದು ಆ ಮೂಲೆಯಲ್ಲೇ. ಹೊರಗೆ ಮರದ ಹಲಗೆಯ ಜಗಲಿ ಮಾಡಿಸುವ ಬಯಕೆ ಇದ್ದರೆ ಬಿಟ್ಟುಬಿಡಿ. ಹಲಗೆಗಳ ನಡುವಿನ ಸಂದಿನಲ್ಲಿ ಕೆಂಡ ಸಿಕ್ಕಿಕೊಂಡರೆ ಕೆಳಗಿನ ತೊಲೆಗೆ ತಾಗಿಯೇ ನಿಲ್ಲುತ್ತದೆ, ಅದರ ಕೆಳಗೆ ಜನ ಹಳೆಯ ರಟ್ಟು, ಪೆಟ್ಟಿಗೆ, ಬಣ್ಣದ ಡಬ್ಬ ತುಂಬಿಡುತ್ತಾರೆ.

ಬೇಲಿಯ ಮಾತೊಂದು ಉಳಿಯಿತು. ಮರದ ಬೇಲಿ ಗೋಡೆಯವರೆಗೂ ಬಂದು ಸೇರಿದ್ದರೆ ಅದು ದೀಪದ ಬತ್ತಿಯ ಕೆಲಸ ಮಾಡುತ್ತದೆ, ಜಮೀನಿನ ಅಂಚಿನ ಬೆಂಕಿಯನ್ನು ನಿಧಾನವಾಗಿ ಮನೆಯವರೆಗೆ ಎಳೆದು ತರುತ್ತದೆ. ಕೊನೆಯ ಎರಡು ಮೀಟರಿಗೆ ಕಬ್ಬಿಣದ ಗೇಟು ಇಟ್ಟರೆ ಆ ದಾರಿ ತುಂಡಾಗುತ್ತದೆ.

ನೆತ್ತಿಯ ಅಂಚಿನಲ್ಲಿ ಪಾಯ ಹಾಕುವ ನಿಮ್ಮ ಯೋಚನೆ ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಬೆಂಕಿ ಇಳಿಜಾರನ್ನು ಹತ್ತುವಾಗ ತನ್ನ ಮುಂದಿನ ಇಂಧನವನ್ನು ತಾನೇ ಒಣಗಿಸಿಕೊಂಡು ಹೋಗುತ್ತದೆ, ಜ್ವಾಲೆ ನೆಲಕ್ಕೆ ಬಾಗಿರುತ್ತದೆ. ಇಳಿಜಾರು ಪ್ರತಿ 10 ಡಿಗ್ರಿ ಹೆಚ್ಚಿದಂತೆ ಬೆಂಕಿಯ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಅಗ್ನಿಶಾಮಕರು ಬಳಸುವ ಅಂದಾಜು. 20 ಡಿಗ್ರಿ ಇಳಿಜಾರೆಂದರೆ ನಾಲ್ಕು ಪಟ್ಟು. ಹತ್ತಿ ಬಂದ ಆ ಬೆಂಕಿ ಮೊದಲು ಮುಟ್ಟುವುದು ಅಂಚಿನಲ್ಲಿ ನಿಂತ ಮನೆಯನ್ನು. ಅಂಚಿನಿಂದ ಹಿಂದಕ್ಕೆ, ಸಮತಟ್ಟಿನ ನಡುವಿಗೆ ಸರಿಯಿರಿ. ಕನಿಷ್ಠ ಹದಿನೈದು ಮೀಟರ್, ಜಾಗವಿದ್ದರೆ ಮೂವತ್ತು. ಎರಡು ಗುಡ್ಡಗಳ ನಡುವಿನ ಕೊರಕಲಿನ ನೇರ ಮೇಲ್ಗಡೆಯಂತೂ ಬೇಡ, ಅದು ಬೆಂಕಿಗೆ ಹೊಗೆಕೊಳವೆ ಇದ್ದ ಹಾಗೆಯೇ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ಅದೇ ಕೊರಕಲು ನೀರನ್ನೂ ಬಂಡೆಯನ್ನೂ ತರುತ್ತದೆ.

ಮರಗಳನ್ನು ಕಡಿಸುವ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿ ಬೇಡ ಎಂದೇ. ಮರ ತೆಗೆದ ನೆಲ ಖಾಲಿ ಉಳಿಯುವುದಿಲ್ಲ. ಬಿಸಿಲು ಬಿದ್ದ ಮರುವರ್ಷ ಎದೆಮಟ್ಟದ ಹುಲ್ಲು ಏಳುತ್ತದೆ, ಒಣಗಾಲದಲ್ಲಿ ಅದರಷ್ಟು ಬೇಗ ಹೊತ್ತಿಕೊಂಡು ಅದರಷ್ಟು ಬೇಗ ಓಡುವುದು ಬೇರೆ ಯಾವುದೂ ಇಲ್ಲ. 2021ರ ಡಿಸೆಂಬರ್ 30ರಂದು ಅಮೆರಿಕದ ಕೊಲೊರಾಡೊದಲ್ಲಿ, ಗಂಟೆಗೆ 160 ಕಿಲೋಮೀಟರ್ ಮೀರಿದ ಗಾಳಿಯಲ್ಲಿ ಸಾವಿರಕ್ಕೂ ಹೆಚ್ಚು ಮನೆಗಳನ್ನು ಒಂದೇ ದಿನದಲ್ಲಿ ಸುಟ್ಟ ಮಾರ್ಷಲ್ ಬೆಂಕಿ ಓಡಿ ಬಂದದ್ದು ಹುಲ್ಲುಗಾವಲಿನ ಮೇಲೆ, ನಡು ಚಳಿಗಾಲದಲ್ಲಿ. ಇಳಿಜಾರಿನಲ್ಲಿ ಬೇರುಗಳು ಸತ್ತರೆ ಮಣ್ಣೂ ನಿಲ್ಲುವುದಿಲ್ಲ. 2017ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಥಾಮಸ್ ಬೆಂಕಿ ಬೆಟ್ಟಗಳನ್ನು ಬೋಳಿಸಿತು. ಮರುತಿಂಗಳು, 2018ರ ಜನವರಿ 9ರ ಬೆಳಗಿನ ಜಾವ ಜೋರು ಮಳೆ ಬಂದು ಕೆಸರು, ಬಂಡೆಗಳು ಮಾಂಟೆಸಿಟೊ ಊರಿನ ಮೇಲೆ ಇಳಿದವು, 23 ಜನ ತೀರಿಕೊಂಡರು. ಬೆಂಕಿ ಮಾಡಿದ ಆ ಕೆಲಸವನ್ನು ನೀವು ಬುಲ್ಡೋಜರ್ ತರಿಸಿ ಕೈಯಾರೆ ಮಾಡಿಕೊಳ್ಳುವುದೇಕೆ?

ಹಾಗೆಂದು ಇದ್ದದ್ದನ್ನು ಇದ್ದ ಹಾಗೆ ಬಿಡಿ ಎಂದೂ ಅಲ್ಲ. ಬೆಂಕಿ ನೆಲದಿಂದ ಮರದ ನೆತ್ತಿಗೆ ಹತ್ತದ ಹಾಗೆ ಮಾಡಬೇಕು. ಹುಲ್ಲಿನಿಂದ ಪೊದೆಗೆ, ಪೊದೆಯಿಂದ ಕೆಳಗೊಂಬೆಗೆ, ಅಲ್ಲಿಂದ ಹಂದರಕ್ಕೆ ಅದು ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತದೆ. ನಡುವಿನ ಮೆಟ್ಟಿಲು ತೆಗೆಯಿರಿ. ಮನೆಯಿಂದ ಹತ್ತು ಮೀಟರಿನೊಳಗೆ ದೊಡ್ಡ ಮರಗಳು ಒಂದೆರಡಿದ್ದರೆ ಇರಲಿ, ಆದರೆ ಕೊಂಬೆ ಮಾಡಿನ ಮೇಲೆ ಚಾಚಿರಬಾರದು. ಕೆಳಗಿನ ಕೊಂಬೆಗಳನ್ನು ಎರಡು ಮೀಟರ್ ಎತ್ತರದವರೆಗೆ ಸವರಿ. ಮರದಡಿ ಪೊದೆ ಬೇಡ. ಹತ್ತರಿಂದ ಮೂವತ್ತು ಮೀಟರಿನಲ್ಲಿ ಮರಗಳು ಗುಂಪುಗುಂಪಾಗಿರಬಹುದು, ಗುಂಪುಗಳ ನಡುವೆ ಹಂದರ ಕೂಡದಷ್ಟು ತೆರವಿರಲಿ. ಹುಲ್ಲನ್ನು ಗೇಣುದ್ದ ಬೆಳೆಯಲು ಬಿಡದೆ ಹತ್ತು ಸೆಂಟಿಮೀಟರಿಗೆ ಕತ್ತರಿಸುತ್ತಿರಿ. ಕತ್ತರಿಸುವುದು ಬೆಳಗ್ಗೆ, ಇಬ್ಬನಿ ಆರುವ ಮುಂಚೆ. ಯಂತ್ರದ ಅಲಗು ಕಲ್ಲಿಗೆ ತಾಗಿ ಹಾರಿದ ಕಿಡಿಯಿಂದಲೇ ಎಷ್ಟೋ ಕಾಡ್ಗಿಚ್ಚುಗಳು ಹುಟ್ಟಿವೆ. ಬೆಂಕಿ ತಡೆಯಲು ಹೊರಟವರೇ ಬೆಂಕಿ ಹಚ್ಚಿದ ಹಾಗಾಗುತ್ತದೆ. ಆಡುಗಳನ್ನು ಸರದಿಯಲ್ಲಿ ಮೇಯಿಸುವುದು ಒಳ್ಳೆಯ ಉಪಾಯ, ಆದರೆ ಬೇಕಾದ ಸಸಿಯನ್ನೂ ಅವು ಬಿಡುವುದಿಲ್ಲ.

ಮೂವತ್ತು ಮೀಟರ್ ಆಚೆ ಉಳಿದ ಅಗಲ ಎಲೆಯ ಸ್ಥಳೀಯ ಮರಗಳು ನಿಮಗೆ ಕಾವಲೇ. ಅವು ಗಾಳಿಯ ಬಿರುಸು ಮುರಿಯುತ್ತವೆ, ಹಾರಿಬಂದ ಕೆಂಡವನ್ನು ಹಸಿ ಎಲೆಯಲ್ಲಿ ತಡೆಯುತ್ತವೆ, ನೆಲದ ತೇವ ಉಳಿಸುತ್ತವೆ. ತೆಗೆಯಲೇಬೇಕಾದವು ಎಣ್ಣೆ, ಅಂಟು ಹೆಚ್ಚಿರುವ ಜಾತಿಗಳು: ನೀಲಗಿರಿ, ಪೈನ್, ಸೈಪ್ರಸ್. ಬೆಂಕಿ ಹಿಡಿಯದ ಮರ ಎಂದು ನರ್ಸರಿಯವರು ಮಾರುವ ಪಟ್ಟಿಗಳನ್ನು ನಂಬಬೇಡಿ. ಒಣಗಿದರೆ ಎಲ್ಲ ಮರವೂ ಸೌದೆಯೇ.

ಬೆಂಕಿರೇಖೆಯ ಬಗ್ಗೆ ಕೇಳಿದ್ದೀರಿ. ಐದಾರು ಮೀಟರ್ ಅಗಲಕ್ಕೆ ಹುಲ್ಲು, ಎಲೆ ಗುಡಿಸಿ ತೆಗೆದ ರೇಖೆ ತಗ್ಗಿನಲ್ಲಿ ತೆವಳುವ ನೆಲದ ಬೆಂಕಿಯನ್ನು ನಿಲ್ಲಿಸುತ್ತದೆ, ಆರಿಸಲು ಬಂದವರಿಗೆ ನಿಲ್ಲಲು ಜಾಗ ಕೊಡುತ್ತದೆ. ಕೆಂಡ ಅದರ ಮೇಲೆ ಹಾರಿಹೋಗುತ್ತದೆ. ರೇಖೆಯನ್ನು ಇಳಿಜಾರಿನ ನೇರಕ್ಕೆ ಹೊಡೆಸಿದರೆ ಮಳೆಗಾಲದಲ್ಲಿ ಅದೇ ಹಳ್ಳವಾಗುತ್ತದೆ, ಆದ್ದರಿಂದ ಸಮಪಾತಳಿಯ ಗುಂಟ, ಅಂದರೆ ಇಳಿಜಾರಿಗೆ ಅಡ್ಡಲಾಗಿ ಒಂದೇ ಎತ್ತರದಲ್ಲಿ ಹೋಗಲಿ. ಮನೆಗೆ ಬರುವ ರಸ್ತೆಯನ್ನೇ ಕಾಡಿನ ಬದಿಗೆ ತಂದರೆ ಒಂದೇ ಖರ್ಚಿನಲ್ಲಿ ಎರಡೂ ಆಯಿತು. ನೀರಿನ ಲಾರಿ ಬಂದು ತಿರುಗಿಕೊಳ್ಳುವಷ್ಟು ಅಗಲ ಇರಲಿ, ಸಾಧ್ಯವಾದರೆ ಹೊರಹೋಗಲು ಇನ್ನೊಂದು ದಾರಿ ಇರಲಿ.

ಹತೋಟಿಯಲ್ಲಿ ಬೆಂಕಿ ಕೊಟ್ಟು ಒಣ ಇಂಧನ ಕಡಿಮೆ ಮಾಡುವುದು ಭೂಮಿ ನಿರ್ವಹಣೆಯ ಹಳೆಯ ವಿದ್ಯೆ. ಉತ್ತರ ಆಸ್ಟ್ರೇಲಿಯಾದ ಮೂಲನಿವಾಸಿಗಳು ಒಣಗಾಲದ ಆರಂಭದಲ್ಲೇ, ನೆಲದಲ್ಲಿ ಇನ್ನೂ ತೇವವಿರುವಾಗ ತುಂಡುತುಂಡಾಗಿ ಸುಡುತ್ತಾ ಬಂದವರು. ಅಮೆರಿಕದ ಅರಣ್ಯ ಸೇವೆ ಇದಕ್ಕೆ ತದ್ವಿರುದ್ಧವಾಗಿ, ಕಂಡ ಬೆಂಕಿಯನ್ನೆಲ್ಲ ಮರುದಿನ ಬೆಳಗ್ಗೆ 10 ಗಂಟೆಯೊಳಗೆ ಆರಿಸಬೇಕು ಎಂದು 1935ರಲ್ಲಿ ನಿಯಮ ಮಾಡಿತು. ದಶಕಗಟ್ಟಲೆ ಸುಡದೆ ಉಳಿದ ಕಾಡಿನಲ್ಲಿ ಇಂಧನ ರಾಶಿಬಿತ್ತು, 1970ರ ದಶಕದ ಕೊನೆಗೆ ಆ ನಿಯಮವನ್ನು ಕೈಬಿಟ್ಟರು. ತತ್ತ್ವ ಸರಿ, ಆದರೆ ಒಬ್ಬಂಟಿ ಮಾಲೀಕರಿಗೆ ನಾನು ಇದನ್ನು ಹೇಳುವುದಿಲ್ಲ. 2022ರಲ್ಲಿ ನ್ಯೂ ಮೆಕ್ಸಿಕೊದಲ್ಲಿ ಅದೇ ಅರಣ್ಯ ಸೇವೆ ಕೊಟ್ಟ ಎರಡು ಹತೋಟಿ ಬೆಂಕಿಗಳು ತಪ್ಪಿಸಿಕೊಂಡು ಒಂದಾಗಿ, ಮೂರು ಲಕ್ಷ ಎಕರೆಗೂ ಹೆಚ್ಚು ಸುಟ್ಟು ಆ ರಾಜ್ಯದ ಇತಿಹಾಸದಲ್ಲೇ ಅತಿ ದೊಡ್ಡ ಕಾಡ್ಗಿಚ್ಚಾದವು. ಅವುಗಳಲ್ಲಿ ಒಂದು, ಜನವರಿಯಲ್ಲಿ ಸುಟ್ಟ ಕೊಂಬೆರಾಶಿ. ಹಿಮ ಬಿದ್ದರೂ ಒಳಗೊಳಗೇ ಬೂದಿ ಮುಚ್ಚಿದ ಕೆಂಡವಾಗಿ ಉಳಿದು ಏಪ್ರಿಲ್‌ನಲ್ಲಿ ಎದ್ದಿತು. ಪಳಗಿದ ಸಿಬ್ಬಂದಿಯ ಕೈಯಿಂದಲೇ ಜಾರಿದ್ದು ನಿಮ್ಮ ಕೈಯಿಂದಲೂ ಜಾರಬಹುದು. ಅಧಿಕಾರಿಗಳ ಅನುಮತಿ, ಅನುಭವಿಗಳ ತಂಡ ಎರಡೂ ಇಲ್ಲದೆ ಕಡ್ಡಿ ಗೀರಬೇಡಿ. ಸವರಿದ ಕೊಂಬೆಗಳನ್ನು ಚೂರು ಮಾಡಿ ದೂರದಲ್ಲಿ ಗೊಬ್ಬರವಾಗಲು ಬಿಡುವುದು ಸುಲಭ.

ಈಗ ನಿಮ್ಮ ಕೊನೆಯ ಪ್ರಶ್ನೆ, ಮೂರು ವಿಪತ್ತಿಗೂ ಒಂದೇ ವಿಧಾನ. ಅಂಥದ್ದು ಇಲ್ಲ, ಅಷ್ಟೇ ಅಲ್ಲ, ಒಂದಕ್ಕೆ ಮಾಡಿದ ಮದ್ದು ಇನ್ನೊಂದಕ್ಕೆ ವಿಷವಾಗುವುದುಂಟು. ನಿಮ್ಮ ಮಣ್ಣಿನ ಗೋಡೆಯನ್ನೇ ನೋಡಿ. ಬೆಂಕಿಗೆ ಉತ್ತಮ. ಆದರೆ ಬಲವರ್ಧನೆ ಇಲ್ಲದ ಮಣ್ಣಿನ ಕಟ್ಟಡ ಭೂಕಂಪದಲ್ಲಿ ಏನಾಗುತ್ತದೆ ಎಂಬುದನ್ನು 2003ರ ಡಿಸೆಂಬರ್ 26ರಂದು ಇರಾನಿನ ಬಾಮ್ ನಗರದಲ್ಲಿ ಜಗತ್ತು ನೋಡಿತು. 26,000ಕ್ಕೂ ಹೆಚ್ಚು ಜನ ತಮ್ಮ ಮನೆಗಳಡಿಯೇ ಸಿಕ್ಕು ಸತ್ತರು. ಗೋಡೆ ದಪ್ಪವಾದಷ್ಟೂ ಭಾರ, ಭಾರವಾದಷ್ಟೂ ಅಲುಗಾಟದಲ್ಲಿ ಬೀಳುವ ಬಲ ಹೆಚ್ಚು. ಮಣ್ಣೇ ಬೇಕೆಂದರೆ ಸ್ವಲ್ಪ ಸಿಮೆಂಟ್ ಸೇರಿಸಿ ಒತ್ತಿದ ಮಣ್ಣಾಗಲಿ. ಪಾಯದ ಮೇಲ್ಮಟ್ಟ, ಕಿಟಕಿ ಬಾಗಿಲುಗಳ ಮೇಲ್ಮಟ್ಟ, ಮಾಡು ಕೂರುವ ಮಟ್ಟ ಈ ಮೂರರಲ್ಲೂ ಮನೆಯನ್ನು ಸುತ್ತುವರಿಯುವ ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ ಇರಲಿ, ಮೂಲೆಗಳಲ್ಲಿ ಪಾಯದಿಂದ ಮೇಲಿನವರೆಗೆ ಕಂಬಿ ಇರಲಿ. ಬಾಗಿಲು, ಕಿಟಕಿಗಳನ್ನು ಮೂಲೆಗೆ ತೀರ ಹತ್ತಿರ ಇಡಬೇಡಿ.

ಮಾಡಿನಲ್ಲಿ ಈ ಎಳೆದಾಟ ಇನ್ನೂ ಜೋರು. ಬೆಂಕಿಗೆ ಭಾರದ ಹೆಂಚು ಚೆನ್ನ, ಭೂಕಂಪಕ್ಕೆ ಹಗುರ ಮಾಡು ಚೆನ್ನ, ಬಿರುಗಾಳಿಗೆ ಹಗುರ ಮಾಡು ಹಾರಿಹೋಗುತ್ತದೆ. ನನ್ನ ಒಲವು ಲೋಹದ ಶೀಟಿನ ಕಡೆಗೆ. ಉಕ್ಕಿನ ತೊಲೆ, ಅದರ ಮೇಲೆ ಸುಡದ ಹಲಗೆ ಅಥವಾ ಖನಿಜ ಉಣ್ಣೆಯ ಹಾಸು, ಮೇಲೆ ಶೀಟು. ತೊಲೆಯಿಂದ ಪಟ್ಟಿಗೆ, ಪಟ್ಟಿಯಿಂದ ಪಾಯಕ್ಕೆ ಕಡಿವಡೆಯದ ಉಕ್ಕಿನ ಬಿಗಿತ. ದೊಡ್ಡ ಕಾಡ್ಗಿಚ್ಚು ತಾನೇ ಬಿರುಗಾಳಿ ಎಬ್ಬಿಸುವುದರಿಂದ ಆ ಬಿಗಿತ ಬೆಂಕಿಯ ದಿನಕ್ಕೂ ಬೇಕು. ಒಂದು ಶೀಟು ಎದ್ದರೆ ಕೆಂಡಕ್ಕೆ ಅಷ್ಟು ಸಾಕು. ಸೂರು ಚಿಕ್ಕದಿರಲಿ, ಕೆಳಗಿನಿಂದ ಸಿಮೆಂಟ್ ಹಲಗೆ ಬಡಿದು ಮುಚ್ಚಿರಲಿ. ಉದ್ದ ಸೂರು ಗಾಳಿಗೂ ಹಿಡಿ, ಬಿಸಿ ಹೊಗೆಗೂ ಗೂಡು. ಆದರೆ ಉದ್ದ ಸೂರಿಲ್ಲದಿದ್ದರೆ ಮಣ್ಣಿನ ಗೋಡೆಗೆ ಮಳೆ ಹೊಡೆಯುತ್ತದಲ್ಲ ಎನ್ನುತ್ತೀರಾ? ಹೊಡೆಯುತ್ತದೆ. ಗೋಡೆಗೆ ಸುಣ್ಣದ ಗಿಲಾವು ಮಾಡಿಸಿ ಕೆಲವು ವರ್ಷಕ್ಕೊಮ್ಮೆ ನವೀಕರಿಸುವ ತಯಾರಿ ಇರಬೇಕು, ಇಲ್ಲವೇ ಇಟ್ಟಿಗೆಗೆ ಮನಸ್ಸು ಮಾಡಬೇಕು.

ನೀರಿನ ವಿಷಯದಲ್ಲಿ ಒಂದೇ ಎಚ್ಚರಿಕೆ: ಬೆಂಕಿ ಬರುವ ಹೊತ್ತಿಗೆ ವಿದ್ಯುತ್ ಹೋಗಿರುತ್ತದೆ ಎಂದುಕೊಂಡೇ ಯೋಜನೆ ಮಾಡಿ. ತೊಟ್ಟಿ ಕಾಂಕ್ರೀಟಿನದೋ ಉಕ್ಕಿನದೋ ಆಗಿ ಮನೆಗಿಂತ ಎತ್ತರದಲ್ಲಿರಲಿ, ಪ್ಲಾಸ್ಟಿಕ್ ಕೊಳವೆ ನೆಲದೊಳಗೆ ಹೂತಿರಲಿ, ಪಂಪು ಡೀಸೆಲ್ಲಿನದಿರಲಿ. ಮಾಡಿನ ಮೇಲೆ ನೀರು ಚಿಮ್ಮಿಸುವ ಯಂತ್ರಗಳಿಗೆ ಹಣ ಹಾಕುವ ಮೊದಲು ಗಾಳಿಗಂಡಿಗಳಿಗೆ ಹಾಕಿ. ಬಿರುಗಾಳಿಯಲ್ಲಿ ಆ ನೀರು ಮಾಡಿನ ಮೇಲೆ ಬೀಳುತ್ತದೆಂಬ ಭರವಸೆ ಇಲ್ಲ.

ಇಷ್ಟೆಲ್ಲ ಮಾಡಿದರೂ ಮನೆ ಉಳಿದೇ ಉಳಿಯುತ್ತದೆ ಎಂದು ಬರೆದುಕೊಡಲಾರೆ. 2018ರ ನವೆಂಬರ್ 8ರಂದು ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಪಟ್ಟಣವನ್ನು ಸುಟ್ಟು 85 ಜನರನ್ನು ಕೊಂದ ಬೆಂಕಿಯ ನಂತರ ಅಲ್ಲಿನ ಮನೆಗಳನ್ನು ಒಂದೊಂದಾಗಿ ಪರಿಶೀಲಿಸಿದ ಅಧ್ಯಯನವೊಂದರಲ್ಲಿ, 1997ಕ್ಕೆ ಮುಂಚೆ ಕಟ್ಟಿದವುಗಳಲ್ಲಿ ಶೇ 11.5 ಮಾತ್ರ ಉಳಿದಿದ್ದವು, ಆಮೇಲೆ ಕಟ್ಟಿದವುಗಳಲ್ಲಿ ಶೇ 38.5. ಮೂರು ಪಟ್ಟಿಗೂ ಹೆಚ್ಚು. ಆದರೂ ಹೊಸ ಮನೆಗಳಲ್ಲೂ ಅರ್ಧಕ್ಕಿಂತ ಹೆಚ್ಚು ಹೋದವು. ಉಳಿವನ್ನು ನಿರ್ಧರಿಸಿದ ದೊಡ್ಡ ಸಂಗತಿಗಳಲ್ಲಿ ಒಂದು, ಸುಟ್ಟ ಪಕ್ಕದ ಮನೆ ಎಷ್ಟು ಹತ್ತಿರವಿತ್ತು ಎಂಬುದು. ನಿಮ್ಮ ಜಾಗದ ಪಕ್ಕ ಯಾರದಾದರೂ ಕೊಟ್ಟಿಗೆ, ಹುಲ್ಲುಬಣವೆ, ಗುಡಿಸಲು ಇದೆಯೇ ನೋಡಿ. ಇದ್ದರೆ ನೆರೆಯವರೊಂದಿಗೆ ಮಾತಾಡುವುದೂ ನಿಮ್ಮ ಕಟ್ಟಡ ಕೆಲಸದ ಭಾಗವೇ.

ಮನೆಯನ್ನು ಕಟ್ಟುವುದು ನೀವು ಅಲ್ಲಿಲ್ಲದಾಗಲೂ ತಾನೇ ನಿಲ್ಲುವ ಹಾಗೆ. ಎಚ್ಚರಿಕೆ ಬಂದ ಕೂಡಲೇ ಹೊರಡಿ. ಹೊಗೆ ಕಂಡ ಮೇಲೆ ಹೊರಟವರು ದಾರಿಯಲ್ಲಿ ಸಿಕ್ಕಿಬೀಳುತ್ತಾರೆ. ಹೊರಡುವಾಗ ಕಿಟಕಿ, ಕದ ಮುಚ್ಚಿ, ಗ್ಯಾಸ್ ಆರಿಸಿ, ಕಾಲೊರಸು, ಕುರ್ಚಿಗಳನ್ನು ಒಳಗೆಳೆದುಕೊಳ್ಳಿ. ಹತ್ತು ನಿಮಿಷದ ಕೆಲಸ. ಹಿಂದಿರುಗಲು ಅನುಮತಿ ಸಿಕ್ಕಾಗ ಮೊದಲು ಅಟ್ಟ ಹತ್ತಿ ನೋಡಿ. ಜ್ವಾಲೆ ದಾಟಿಹೋದ ಎಷ್ಟೋ ಗಂಟೆಗಳ ಮೇಲೆ, ಮಾಡಿನೊಳಗೆ ಉಳಿದ ಒಂದು ಕೆಂಡದಿಂದ ಹೊತ್ತಿಕೊಂಡ ಮನೆಗಳು ಪ್ರತಿ ದೊಡ್ಡ ಬೆಂಕಿಯಲ್ಲೂ ಇರುತ್ತವೆ.

ಹಣ ಸೀಮಿತವಾದರೆ ಖರ್ಚಿನ ಸರದಿ ಹೀಗಿರಲಿ: ಮಾಡು ಮತ್ತು ಅದರ ಸಂದುಗಳು, ಜಾಲರಿ, ಗೋಡೆಬುಡದ ಒಂದೂವರೆ ಮೀಟರ್, ಆಮೇಲೆ ಗಾಜು. ಕಾಂಕ್ರೀಟ್ ಪಟ್ಟಿ, ಮೂಲೆಯ ಕಂಬಿಗಳನ್ನು ಈ ಸರದಿಗೆ ಸೇರಿಸಿಲ್ಲ, ಏಕೆಂದರೆ ಅವನ್ನು ಗೋಡೆ ಎದ್ದ ಮೇಲೆ ಸೇರಿಸಲು ಬರುವುದಿಲ್ಲ; ಅವು ಬಿಡುವ ಬಾಬತ್ತೇ ಅಲ್ಲ. ಪಾಯದ ಗುರುತು ಹಾಕಿಸುವ ಮೊದಲು ಇಳಿಜಾರಿನ ಕೋನ, ಒಣಗಾಲದಲ್ಲಿ ಗಾಳಿ ಬೀಸುವ ದಿಕ್ಕು, ಕೆಳಗಿನ ಕಾಡಿನ ಅಂಚಿಗಿರುವ ದೂರ ಈ ಮೂರನ್ನು ಅಳೆಸಿ ನಕ್ಷೆಯ ಮೇಲೆ ಬರೆಯಿಸಿ. ಅದನ್ನು ಕಳುಹಿಸಿದರೆ ಮನೆಯನ್ನು ಎಷ್ಟು ಹಿಂದಕ್ಕೆ ಸರಿಸಬೇಕೆಂದು ಲೆಕ್ಕ ಹಾಕಿ ತಿಳಿಸುತ್ತೇನೆ.